ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿಗೆ ವಯಸ್ಸೆಷ್ಟು?

ಪ್ರಶ್ನೆ: ನಮ್ಮದು ಶಿವಮೊಗ್ಗ. ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿಗೆ ಹೋಗುವವರು. ನನ್ನ ಅಜ್ಜಿ ಹುಟ್ಟಿದ್ದು 1936ರಲ್ಲಿ. ಅವರ ಅಪ್ಪ ಹೊನ್ನಾವರ ಕಡೆಯಿಂದ ರೈಲ್ವೆ ಕೆಲಸಕ್ಕೆ ಘಟ್ಟ ಹತ್ತಿ ಬಂದವರು. ತನಗೆ ಜ್ಞಾನಸ್ನಾನ (ಬ್ಯಾಪ್ಟಿಸಂ) ಆದದ್ದು ಇಲ್ಲೇ, ಹೆಂಚಿನ ಒಂದು ಸಣ್ಣ ಚರ್ಚಿನಲ್ಲಿ ಅಂತ ಅಜ್ಜಿ ಹೇಳುತ್ತಿದ್ದರು. ಆದರೆ ಈಗಿನ ಚರ್ಚ್ ಕಟ್ಟಿದ್ದು 1990ರ ದಶಕದಲ್ಲಿ ಅಂತ ಎಲ್ಲ ಕಡೆ ಇದೆ. ವಾಟ್ಸಾಪಿನಲ್ಲಿ 'ಪೋರ್ಚುಗೀಸರ ಕಾಲದ್ದು, ಏಷ್ಯಾದಲ್ಲೇ ಎರಡನೇ ದೊಡ್ಡ ಚರ್ಚ್' ಅಂತ ಬರುತ್ತಿರುತ್ತದೆ. ಮನೆಯಲ್ಲಿ 1865 ಅಂತ ಅಚ್ಚೊತ್ತಿದ ಹಳೆ ಹೆಂಚೊಂದಿದೆ. ಅದು ಹಳೆ ಚರ್ಚಿನದೇ ಅಂತ ಚಿಕ್ಕಪ್ಪ ವಾದಿಸುತ್ತಾರೆ. ಇದರಲ್ಲಿ ಯಾವುದನ್ನು ನಂಬಬೇಕು? ಅಜ್ಜಿಯ ದಾಖಲೆ ಎಲ್ಲಿ ಹುಡುಕಬೇಕು?

ಉತ್ತರ: ಅಜ್ಜಿಯ ಮಾತಿಗೂ 1990ರ ದಶಕಕ್ಕೂ ಜಗಳವೇನಿಲ್ಲ. ಒಂದು ಧರ್ಮಕೇಂದ್ರದ (ಪ್ಯಾರಿಷ್), ಅಂದರೆ ಆ ಚರ್ಚಿಗೆ ಸೇರಿದ ಭಕ್ತರ ಸಮುದಾಯದ ವಯಸ್ಸು, ಇನ್ನೊಂದು ಕಟ್ಟಡದ ವಯಸ್ಸು. ಬೆಳೆಯುವ ಊರುಗಳಲ್ಲಿ ಇವೆರಡೂ ಒಂದೇ ಆಗಿರುವುದು ಕಡಿಮೆ.

ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನೇ ನೋಡಿ. ಜೋಡಿ ಗೋಪುರದ ಈಗಿನ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1933ರಲ್ಲಿ. ಆದರೆ ಅಲ್ಲಿ 1843ರಲ್ಲೇ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಒಂದು ಚರ್ಚ್ ಇತ್ತು. ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ಕಟ್ಟಡ ಮುಗಿದದ್ದು 1882ರಲ್ಲಿ. ಅಲ್ಲಿ ಮೊದಲು ಪೂಜೆ ನಡೆದದ್ದು 1818ರ ಹೊತ್ತಿನ ಒಂದು ಗುಡಿಸಲಿನಲ್ಲಿ. ಜನ ಜಾಸ್ತಿಯಾದಾಗ ಗೋಡೆ ಒಡೆಯುತ್ತಾರೆ, ದೊಡ್ಡದು ಕಟ್ಟುತ್ತಾರೆ. ಹೊಸ ಫಲಕದ ಮೇಲೆ ಹೊಸ ಇಸವಿ ಬರುತ್ತದೆ. ಹಳೆಯದು ಬಾಯಿಮಾತಿನಲ್ಲಿ ಉಳಿಯುತ್ತದೆ.

ಶಿವಮೊಗ್ಗದಲ್ಲಿ ದೊಡ್ಡ ಕಟ್ಟಡ ಬೇಕಾಗಿದ್ದಕ್ಕೆ ಜನಸಂಖ್ಯೆ ಬಿಟ್ಟು ಇನ್ನೊಂದು ಕಾರಣವೂ ಇದೆ. 1988ರ ನವೆಂಬರ್ 14ರಂದು ಚಿಕ್ಕಮಗಳೂರಿನಿಂದ ಬೇರೆಯಾಗಿ ಶಿವಮೊಗ್ಗ ಧರ್ಮಕ್ಷೇತ್ರ, ಅಂದರೆ ಒಬ್ಬ ಧರ್ಮಾಧ್ಯಕ್ಷರ (ಬಿಷಪರ) ಆಡಳಿತದ ಪ್ರದೇಶ, ಹುಟ್ಟಿತು. ಮೊದಲ ಧರ್ಮಾಧ್ಯಕ್ಷರು ಇಗ್ನೇಷಿಯಸ್ ಪಿಂಟೊ. ಅಲ್ಲಿವರೆಗೆ ಊರಿನ ಚರ್ಚ್ ಆಗಿದ್ದದ್ದು ಧರ್ಮಾಧ್ಯಕ್ಷರ ಪೀಠ ಇರುವ ಪ್ರಧಾನಾಲಯವಾಯಿತು. ಪ್ರಧಾನಾಲಯ ಅಂದಮೇಲೆ ಭಾನುವಾರದ ಪೂಜೆಗೆ ಜಾಗ ಇದ್ದರೆ ಸಾಲದು. ಪವಿತ್ರ ವಾರದಲ್ಲಿ ತೈಲ ಆಶೀರ್ವದಿಸುವ ಪೂಜೆಗೆ ಇಡೀ ಧರ್ಮಕ್ಷೇತ್ರದ ಗುರುಗಳು ಬರುತ್ತಾರೆ. ಗುರುದೀಕ್ಷೆ ಇದ್ದರೆ ಊರೂರಿಂದ ಬಸ್ಸು ಮಾಡಿಕೊಂಡು ಜನ ಬರುತ್ತಾರೆ. ಶಿವಮೊಗ್ಗದ ಜೊತೆ ಚಿತ್ರದುರ್ಗ, ದಾವಣಗೆರೆ ಕಡೆಯವರೂ ಈ ಧರ್ಮಕ್ಷೇತ್ರಕ್ಕೆ ಸೇರಿದವರು. 1990ರ ದಶಕದಲ್ಲಿ ಅಷ್ಟು ದೊಡ್ಡ ಕಟ್ಟಡ ಎದ್ದದ್ದರಲ್ಲಿ ಆಶ್ಚರ್ಯವಿಲ್ಲ.

'ಏಷ್ಯಾದಲ್ಲೇ ಎರಡನೇ ದೊಡ್ಡದು' ಅನ್ನುವುದನ್ನು ಬಿಟ್ಟುಬಿಡಿ. ಕೆಲವರು ಏಷ್ಯಾ ಅಂತಾರೆ, ಕೆಲವರು ಭಾರತ ಅಂತಾರೆ. ಪ್ರವಾಸಿಗಳಿಗೆ ಬರೆಯುವವರು ಇದರ ವಿಸ್ತಾರ 18,000 ಚದರ ಅಡಿ ಅಂತ ಕೊಡುತ್ತಾರೆ. ಅದನ್ನೇ ಹಿಡಿದು ಲೆಕ್ಕ ಹಾಕೋಣ. ಹಳೆ ಗೋವಾದ ಸೆ ಕೆಥೆಡ್ರಲ್ 250 ಅಡಿ ಉದ್ದ, 181 ಅಡಿ ಅಗಲ. ಗುಣಿಸಿದರೆ 45,000 ಚದರ ಅಡಿ ದಾಟುತ್ತದೆ. ನಾಗಾಲ್ಯಾಂಡಿನ ಝುನ್ಹೆಬೊಟೊದಲ್ಲಿ 2017ರಲ್ಲಿ ಉದ್ಘಾಟನೆಯಾದ ಸುಮಿ ಬ್ಯಾಪ್ಟಿಸ್ಟ್ ಚರ್ಚಿನವರೂ ಏಷ್ಯಾದ ಪಟ್ಟ ತಮ್ಮದೇ ಅನ್ನುತ್ತಾರೆ. ಉದ್ದ ಅಳೆಯಬೇಕೋ, ನೆಲ ಅಳೆಯಬೇಕೋ, ಕೂರುವ ಜನರನ್ನು ಎಣಿಸಬೇಕೋ ಅಂತ ಯಾರೂ ಹೇಳುವುದಿಲ್ಲ. ನಮ್ಮ ಚರ್ಚ್ ದೊಡ್ಡದು, ಮಲೆನಾಡಿನ ಲೆಕ್ಕದಲ್ಲಂತೂ ಬಹಳ ದೊಡ್ಡದು. ಅಷ್ಟು ಸಾಕಲ್ವಾ?

ಪೋರ್ಚುಗೀಸರ ಮಾತನ್ನು ಮಾತ್ರ ಹೀಗೆ ತಳ್ಳಿಹಾಕಲು ಆಗುವುದಿಲ್ಲ. ಅದು ಪೂರ್ತಿ ಸುಳ್ಳಲ್ಲ, ಜಾಗ ತಪ್ಪಿದ ನಿಜ.

ಕೆಳದಿ ಅರಸರಿಗೂ ಗೋವಾದ ಪೋರ್ಚುಗೀಸರಿಗೂ ನೂರು ವರ್ಷಕ್ಕೂ ಮೀರಿದ ವ್ಯವಹಾರವಿತ್ತು. ಜಗಳವೂ ಇತ್ತು, ಒಪ್ಪಂದವೂ ಇತ್ತು. ಎಲ್ಲದರ ನಡುವೆ ಅಕ್ಕಿ, ಮೆಣಸು. ಗೋವಾದ ಊಟಕ್ಕೆ ಕೆನರಾದ ಅಕ್ಕಿ ಬೇಕಿತ್ತು, ಆ ಅಕ್ಕಿ ಹಡಗು ಹತ್ತುವ ಬಂದರುಗಳು ಕೆಳದಿಯವರ ಕೈಯಲ್ಲಿದ್ದವು. 1623ರಲ್ಲಿ ಗೋವಾದಿಂದ ಒಂದು ರಾಯಭಾರ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂತು. ಅದರ ಜೊತೆ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಪ್ರವಾಸಿ ಹೊನ್ನಾವರ, ಗೇರುಸೊಪ್ಪೆ ದಾಟಿ ಘಟ್ಟ ಹತ್ತಿದ. ಸಾಗರದ ಪಕ್ಕದ ಇಕ್ಕೇರಿಯಲ್ಲಿ ಕಂಡ ಬೀದಿ, ದೇವಸ್ಥಾನ, ಹೆಂಗಸರ ಕೋಲಾಟ, ಎಲ್ಲವನ್ನೂ ವಿವರವಾಗಿ ಬರೆದಿಟ್ಟ. ಯುರೋಪಿನ ಕ್ಯಾಥೊಲಿಕರು ಮಲೆನಾಡಿನ ನೆಲ ತುಳಿದ ಹಳೆಯ ದಾಖಲೆಗಳಲ್ಲಿ ಇದೊಂದು.

ಆಮೇಲೆ 1631, 1671, 1678ರಲ್ಲಿ ಕರಾರುಗಳಾದವು. ಕೊನೆಯದು ಚೆನ್ನಮ್ಮಾಜಿಯ ಆಳ್ವಿಕೆಯ ಕಾಲದ್ದು. ಚರ್ಚ್ ಕಟ್ಟಲು ಒಪ್ಪಿಗೆ ಕೊಟ್ಟ ಮಾತು ಅದರಲ್ಲಿದೆ. ಎಲ್ಲೆಲ್ಲಿ ಅಂತ ನೋಡಿ: ಮಿರ್ಜಾನ, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರ. ಎಲ್ಲವೂ ಘಟ್ಟದ ಕೆಳಗಿನ ಊರುಗಳು. ಕೊಡುವ ಅರಸರು ಮಲೆನಾಡಿನವರು, ಕೊಟ್ಟ ಜಾಗ ಕರಾವಳಿಯದು. ಶಿವಮೊಗ್ಗ ಆಗ ತುಂಗಾ ದಂಡೆಯ ಒಂದು ಕೋಟೆ ಊರು. ಪೋರ್ಚುಗೀಸರಿಗೆ ಇಲ್ಲೇನೂ ಕೆಲಸವಿರಲಿಲ್ಲ.

ಹಾಗಾದರೆ ಈ ನೆನಪು ಎಲ್ಲಿಂದ ಬಂತು? ನಿಮ್ಮ ಮನೆಯಂಥ ಮನೆಗಳಿಂದ ಅಂತ ನನ್ನ ಅಂದಾಜು. ಹೊನ್ನಾವರ, ಕುಂದಾಪುರ, ಮಂಗಳೂರು ಕಡೆಯ ಕೊಂಕಣಿ ಕುಟುಂಬಗಳು ಘಟ್ಟ ಹತ್ತಿ ಬಂದಾಗ ತಮ್ಮ ಊರಿನ ಇಗರ್ಜಿಯ (ಚರ್ಚಿನ) ಕಥೆಯನ್ನೂ ಹೊತ್ತು ತಂದವು. ಅಜ್ಜ ಹೇಳಿದ್ದು ಅಲ್ಲಿಯ ಇಗರ್ಜಿಯ ಬಗ್ಗೆ. ಮೊಮ್ಮಕ್ಕಳು ಅದನ್ನು ಕಣ್ಣೆದುರಿನ ಚರ್ಚಿಗೆ ಹೊಂದಿಸಿಕೊಂಡರು. ಹೀಗೆ ಆದದ್ದು ಶಿವಮೊಗ್ಗ ಒಂದರಲ್ಲೇ ಅಲ್ಲ.

ಘಟ್ಟದ ಮೇಲಿನ ಕಥೆ ಪೋರ್ಚುಗೀಸರದ್ದಲ್ಲ, ಫ್ರೆಂಚರದ್ದು. ಮೈಸೂರು ಸೀಮೆಯಲ್ಲಿ 17ನೇ ಶತಮಾನದ ನಡುವಿನಿಂದ ಯೇಸುಸಭೆಯ (ಜೆಸ್ಯೂಟ್) ಗುರುಗಳು ಕೆಲಸ ಮಾಡಿದ್ದರು. 1773ರಲ್ಲಿ ಆ ಸಭೆಯನ್ನೇ ಪೋಪರು ರದ್ದು ಮಾಡಿದರು. ಅವರ ಜಾಗಕ್ಕೆ ಪ್ಯಾರಿಸ್ ಫಾರಿನ್ ಮಿಷನ್ನಿನ ಗುರುಗಳು ಬಂದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಮಾಡಲು ಬಂದ ಅಬ್ಬೆ ದುಬುವಾ ಇದೇ ಮಿಷನ್ನಿನವರು. ಕಾವಿ ತೊಟ್ಟು, ಇಲ್ಲಿಯ ಊಟ ಮಾಡಿಕೊಂಡು, ಸಿಡುಬಿಗೆ ದೇವಿ ಹಾಕಿಸುತ್ತ ಓಡಾಡಿದ ಮನುಷ್ಯ. 1823ರಲ್ಲಿ ಫ್ರಾನ್ಸಿಗೆ ಮರಳಿದರು. 1845ರಲ್ಲಿ ಚರ್ಚಿನ ಲೆಕ್ಕದಲ್ಲಿ ಮೈಸೂರು ಪ್ರತ್ಯೇಕ ಆಡಳಿತವಾಯಿತು, ಬಿಷಪ್ ಶಾರ್ಬೊನೋ ಅದರ ಹೊಣೆ ಹೊತ್ತರು. 1886ರಲ್ಲಿ ಅದು ಪೂರ್ಣ ಧರ್ಮಕ್ಷೇತ್ರವಾಯಿತು. ಶಿವಮೊಗ್ಗ ಅದರೊಳಗಿತ್ತು. ಘಟ್ಟದ ಕೆಳಗಿನ ಮಂಗಳೂರು ಬೇರೆ. 1878ರ ಕೊನೆಯಿಂದ ಅಲ್ಲಿ ಇಟಲಿಯ ಯೇಸುಸಭೆಯವರ ಆಡಳಿತ.

ಚರ್ಚಿನ ಹೆಸರೂ ಫ್ರೆಂಚರ ಕಡೆಗೇ ಬೊಟ್ಟು ಮಾಡುತ್ತದೆ. ಯೇಸುವಿನ ಪವಿತ್ರ ಹೃದಯದ ಭಕ್ತಿ ಜೋರಾಗಿ ಬೆಳೆದದ್ದು 17ನೇ ಶತಮಾನದ ಫ್ರಾನ್ಸಿನಲ್ಲಿ, ಮಾರ್ಗರೇಟ್ ಮೇರಿ ಅನ್ನುವ ಸನ್ಯಾಸಿನಿಗೆ ಆದ ದರ್ಶನಗಳ ನಂತರ. ಅದರ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದ್ದು 1856ರಲ್ಲಿ. 1899ರಲ್ಲಿ ಪೋಪ್ ಹದಿಮೂರನೇ ಲಿಯೋ ಇಡೀ ಲೋಕವನ್ನೇ ಆ ಹೃದಯಕ್ಕೆ ಅರ್ಪಿಸಿದರು. ಫ್ರೆಂಚ್ ಗುರುಗಳು ಹೋದಲ್ಲೆಲ್ಲ ಈ ಹೆಸರಿನ ಚರ್ಚುಗಳು ಎದ್ದವು. ಪೋರ್ಚುಗೀಸರು ಕಟ್ಟಿದ್ದರೆ ರೊಸಾರಿ ಮಾತೆಯದೋ ಮಿಲಾಗ್ರಿಸ್ (ಪವಾಡಗಳ) ಮಾತೆಯದೋ ಹೆಸರು ಇರುವ ಸಂಭವ ಹೆಚ್ಚು. ಇದು ಪುರಾವೆಯಲ್ಲ, ಸುಳಿವು.

ಈ ಊರಿಗೆ ಕ್ಯಾಥೊಲಿಕರು ಯಾಕೆ ಬಂದರು ಅನ್ನುವುದಕ್ಕೆ ಉತ್ತರ ಧರ್ಮದಲ್ಲಿಲ್ಲ, ಕೂಲಿಯಲ್ಲಿದೆ. 1863ರಲ್ಲಿ ಬ್ರಿಟಿಷ್ ಕಮಿಷನರು ಮೈಸೂರನ್ನು ಮೂರು ವಿಭಾಗ ಮಾಡಿದಾಗ ಶಿವಮೊಗ್ಗ, ಕಡೂರು, ಚಿತ್ರದುರ್ಗ ಸೇರಿ 'ನಗರ' ಅನ್ನುವ ಹೆಸರಿನ ವಿಭಾಗವಾಯಿತು. ಕಚೇರಿ ಬಂದಲ್ಲಿಗೆ ಗುಮಾಸ್ತರು, ಬಟ್ಲರುಗಳು, ಪೊಲೀಸರು ಬರುತ್ತಾರೆ. ಅವರಲ್ಲಿ ನಾಲ್ಕಾರು ಮನೆ ಕ್ರೈಸ್ತರದ್ದಿದ್ದರೂ ವರ್ಷಕ್ಕೆ ಎರಡು ಸಲ ಗುರುಗಳು ಕುದುರೆ ಹತ್ತಿ ಬರುತ್ತಾರೆ. 19ನೇ ಶತಮಾನ ಮುಗಿಯುವ ಹೊತ್ತಿಗೆ ಬೀರೂರಿನಿಂದ ರೈಲು ಬಂತು. 1901ರ ಗಣತಿಯಲ್ಲಿ ಊರಿನ ಜನ ಆರು ಸಾವಿರ ಚಿಲ್ಲರೆ. 2011ಕ್ಕೆ ಮೂರು ಲಕ್ಷ ದಾಟಿದೆ. ನಡುವೆ ಏನೇನಾಯಿತು ಅಂತ ನೋಡಿದರೆ ಚರ್ಚಿನ ಬೆಂಚುಗಳಲ್ಲಿ ಯಾರು ಯಾವಾಗ ಬಂದು ಕೂತರು ಅನ್ನುವುದು ತಿಳಿಯುತ್ತದೆ. 1923ರಲ್ಲಿ ಪಕ್ಕದ ಬೆಂಕಿಪುರದಲ್ಲಿ, ಈಗಿನ ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆ ಶುರುವಾಯಿತು. ತಮಿಳು, ತೆಲುಗು, ಮಲಯಾಳಂ ಮಾತಾಡುವ ಕೆಲಸಗಾರರು ಬಂದರು. 1936ರಲ್ಲಿ ಕಾಗದದ ಕಾರ್ಖಾನೆ. 1930ರ ದಶಕದಲ್ಲಿ ರೈಲು ಹಳಿ ಆನಂದಪುರ, ಸಾಗರದ ಕಡೆ ಹರಿದು 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ನಿಮ್ಮ ಮುತ್ತಜ್ಜ ಬಂದದ್ದು ಬಹುಶಃ ಈ ಹಳಿಯ ಕೆಲಸಕ್ಕೇ. ಅಜ್ಜಿಯ ಇಸವಿ ಇದಕ್ಕೆ ಚೆನ್ನಾಗಿ ಕೂಡುತ್ತದೆ. ಆಮೇಲೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು, ಜೋಗದ ವಿದ್ಯುತ್ತು, ಲಿಂಗನಮಕ್ಕಿ. ಒಂದೊಂದು ಕಾಮಗಾರಿಯೂ ಒಂದೊಂದು ಭಾಷೆಯ ಕ್ರೈಸ್ತರನ್ನು ಮಲೆನಾಡಿಗೆ ತಂದಿತು.

ಈ ಬರುವಿಕೆ ನಾವು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಮಲೇರಿಯಾ ಮಲೆನಾಡನ್ನು ಹಿಂಡುತ್ತಿದ್ದ ಕಾಲ ಅದು. ಕರಾವಳಿಯ ಕೂಲಿಗಳು ಮಳೆಗಾಲ ಮುಗಿದ ಮೇಲೆ ಘಟ್ಟ ಹತ್ತಿ, ಮುಂದಿನ ಮಳೆ ಹಿಡಿಯುವ ಮೊದಲು ಇಳಿದುಬಿಡುತ್ತಿದ್ದರು. ಮದುವೆ, ಹಬ್ಬ, ಹೆರಿಗೆ ಎಲ್ಲ ಊರಿನಲ್ಲೇ. ಹಾಗಾಗಿ ಎಷ್ಟೋ ಮನೆಗಳು ಇಲ್ಲಿ ದುಡಿದು ಬದುಕಿದರೂ ಇಲ್ಲಿಯ ರಿಜಿಸ್ಟರಿನಲ್ಲಿ ಅವರ ಹೆಸರೇ ಇರುವುದಿಲ್ಲ.

ಇನ್ನು ಹೆಂಚು. ಚಿಕ್ಕಪ್ಪನವರಿಗೆ ಬೇಸರವಾದರೂ ಹೇಳಬೇಕು: 1865 ಅನ್ನುವುದು ಹೆಂಚಿನ ಇಸವಿಯಲ್ಲ, ಕಾರ್ಖಾನೆಯ ಇಸವಿ. ಬಾಸೆಲ್ ಮಿಷನ್ ಅನ್ನುವ ಪ್ರಾಟೆಸ್ಟೆಂಟ್ ಸಂಸ್ಥೆಯವರು ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದದ್ದು ಆ ವರ್ಷ. ಆಮೇಲೆ ಹತ್ತಾರು ವರ್ಷ ತಯಾರಾದ ಹೆಂಚುಗಳ ಮೇಲೂ ಅದೇ ಅಂಕಿ ಒತ್ತಿದರು. ಅಂಗಡಿ ಬೋರ್ಡಿನ ಮೇಲೆ 'ಸ್ಥಾಪನೆ' ಅಂತ ಬರೆದ ಹಾಗೆ. ಬೇರೆ ಕಾರ್ಖಾನೆಗಳೂ ಹೀಗೇ ಮಾಡುತ್ತಿದ್ದವು. ಇಸವಿಗಿಂತ ಕಂಪನಿಯ ಹೆಸರು ಉಪಯೋಗಕ್ಕೆ ಬರುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಬಾಸೆಲ್ ಮಿಷನ್ನಿನ ಉದ್ಯಮಗಳನ್ನು ವಶಕ್ಕೆ ತೆಗೆದುಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿದರು. ಹೆಂಚಿನ ಮೇಲೆ 'ಬಾಸೆಲ್ ಮಿಷನ್' ಅಂತಿದ್ದರೆ ಅದು ಆ ಯುದ್ಧಕ್ಕಿಂತ ಹಿಂದಿನದು ಅಂತ ಹೆಚ್ಚುಕಮ್ಮಿ ಹೇಳಬಹುದು. 'ಕಾಮನ್‌ವೆಲ್ತ್' ಅಂತಿದ್ದರೆ ಯುದ್ಧದ ನಂತರದ್ದು. ಮನೆಗೆ ಹೋಗಿ ತಿರುಗಿಸಿ ನೋಡಿ. ಒಂದು ಎಚ್ಚರ: ಹಳೆ ಹೆಂಚನ್ನು ಜನ ಎಸೆಯುವುದಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ, ಶಾಲೆಯಿಂದ ಕೊಟ್ಟಿಗೆಗೆ ಹೋಗುತ್ತಲೇ ಇರುತ್ತದೆ. ಹೆಂಚಿನ ವಯಸ್ಸು ಸಿಕ್ಕರೂ ಮಾಡಿನ ವಯಸ್ಸು ಸಿಗುವುದಿಲ್ಲ.

ಅಜ್ಜಿ ಹೇಳಿದ ಹೆಂಚಿನ ಸಣ್ಣ ಚರ್ಚ್ ಮಾತ್ರ ಆ ಕಾಲಕ್ಕೆ ಸರಿಯಾಗಿ ಹೊಂದುತ್ತದೆ. ಆಗ ಈ ಕಡೆ ಕಟ್ಟುತ್ತಿದ್ದದ್ದೇ ಹಾಗೆ. ಜಂಬಿಟ್ಟಿಗೆಯ ಗೋಡೆ, ಸುಣ್ಣದ ಗಾರೆ, ಮರದ ತೊಲೆ, ಮಂಗಳೂರು ಹೆಂಚು, ಮುಂದೆ ಒಂದು ಜಗಲಿ. ಒಳ್ಳೆ ಮನೆಗೂ ಚರ್ಚಿಗೂ ವ್ಯತ್ಯಾಸ ತಿಳಿಯುತ್ತಿದ್ದದ್ದು ಮುಂಗೋಡೆಯ ಮೇಲಿನ ಶಿಲುಬೆಯಿಂದ. ಈಗಿನ ಕಟ್ಟಡದ ಗೋಥಿಕ್ ಬಗೆ ಫ್ರಾನ್ಸಿನಲ್ಲಿ 12ನೇ ಶತಮಾನದ್ದು, ಇಲ್ಲಿ ಕಾಂಕ್ರೀಟಿನಲ್ಲಿ ಬಂದದ್ದು. ಬಸ್ಸಿನಲ್ಲಿ ಹೋಗುವವರು ಅದನ್ನು ನೋಡಿ ಬಹಳ ಹಳೆಯದು ಅಂದುಕೊಳ್ಳುತ್ತಾರೆ. ನಿಜವಾದ ಹಳೆಯದು ಇಷ್ಟು ಗಮನ ಸೆಳೆಯುತ್ತಲೇ ಇರಲಿಲ್ಲ.

ಇನ್ನೊಂದು ಮಾತು. ಹಳೆ ಫೋಟೊ ಯಾವುದಾದರೂ ಸಿಕ್ಕಿ, ಕೆಳಗೆ 'ಶಿವಮೊಗ್ಗ ಮಿಷನ್' ಅಂತಿದ್ದರೆ ತಕ್ಷಣ ನಮ್ಮದೇ ಅಂದುಕೊಳ್ಳಬೇಡಿ. ಊರಿನಲ್ಲಿ ವೆಸ್ಲಿಯನ್ ಮೆಥಡಿಸ್ಟ್ ಅನ್ನುವ ಪ್ರಾಟೆಸ್ಟೆಂಟರ ಮಿಷನ್ ಕೂಡ ಇತ್ತು. 1947ರಲ್ಲಿ ಅವರು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದರು. ಇಂಗ್ಲಿಷರ ಹಳೆ ಬರಹಗಳಲ್ಲಿ ಬರುವುದು ಹೆಚ್ಚಾಗಿ ಅವರೇ. ನಮ್ಮ ಗುರುಗಳು ಬರೆದದ್ದು ಫ್ರೆಂಚಿನಲ್ಲಿ.

ಈಗ ಅಜ್ಜಿಯ ದಾಖಲೆ. ಚರ್ಚಿನ ವಯಸ್ಸಿನ ಪ್ರಶ್ನೆಗೂ ಗಟ್ಟಿ ಉತ್ತರ ಇಲ್ಲೇ ಇದೆ. ಒಂದು ಧರ್ಮಕೇಂದ್ರ ಯಾವಾಗ ಸ್ವಂತ ಕಾಲಿನ ಮೇಲೆ ನಿಂತಿತು ಅಂತ ತಿಳಿಯಲು ಅಡಿಗಲ್ಲಿಗಿಂತ ಅದರ ಮೊದಲ ಜ್ಞಾನಸ್ನಾನದ ಪುಸ್ತಕದ ಮೊದಲ ಪುಟವನ್ನೇ ನಾನು ಹೆಚ್ಚು ನಂಬುತ್ತೇನೆ. ಗುರುಗಳು ಅಲ್ಲೇ ಉಳಿಯಲು ಶುರುಮಾಡಿದ ಮೇಲೆಯೇ ಸ್ವಂತ ಪುಸ್ತಕ ತೆರೆಯುವುದು. ಅದಕ್ಕಿಂತ ಮುಂಚೆ, ಗುರುಗಳು ಬೇರೆ ಊರಿನಿಂದ ಬಂದುಹೋಗುವ ಸಬ್‌ಸ್ಟೇಷನ್ ಆಗಿದ್ದಾಗಿನ ಹೆಸರುಗಳು ಯಾವ ಊರಿನಿಂದ ಗುರುಗಳು ಬರುತ್ತಿದ್ದರೋ ಆ ಊರಿನ ಪುಸ್ತಕದಲ್ಲಿರುತ್ತವೆ.

ಈ ಪುಸ್ತಕಗಳು ಸುಮ್ನೆ ಇಟ್ಟ ಲೆಕ್ಕವಲ್ಲ. 1563ರಲ್ಲಿ ಬಿಷಪರೆಲ್ಲ ಸೇರಿದ ತ್ರೆಂತ್ ಮಹಾಸಭೆಯೇ ಜ್ಞಾನಸ್ನಾನ, ಮದುವೆಗಳನ್ನು ಬರೆದಿಡಬೇಕು ಅಂತ ಕಟ್ಟಳೆ ಮಾಡಿತು. 1917ರ ಧರ್ಮಸಭೆಯ ಕಾನೂನು ಪ್ರತಿ ಧರ್ಮಕೇಂದ್ರಕ್ಕೂ ಐದು ಪುಸ್ತಕ ಕಡ್ಡಾಯ ಮಾಡಿತು: ಜ್ಞಾನಸ್ನಾನ, ದೃಢೀಕರಣ, ಮದುವೆ, ಸಾವು, ಮತ್ತು ಮನೆಮನೆಯ ಕುಟುಂಬ ಪಟ್ಟಿ. ಕೊನೆಯದನ್ನು ಬಿಟ್ಟು ಉಳಿದ ನಾಲ್ಕರ ಪ್ರತಿಯನ್ನು ವರ್ಷದ ಕೊನೆಗೆ ಬಿಷಪ್ ಕಚೇರಿಗೆ ಕಳಿಸಬೇಕಿತ್ತು. ಇದು ನಿಮಗೆ ಬಹಳ ಮುಖ್ಯ. ಇಲ್ಲಿಯ ಪುಸ್ತಕ ಗೆದ್ದಲು ತಿಂದು, ತೇವಕ್ಕೆ ಹಾಳಾಗಿದ್ದರೂ ಮೇಲಿನ ಕಚೇರಿಯಲ್ಲಿ ಪ್ರತಿ ಇರಬೇಕು.

ಆದರೆ ಯಾವ ಕಚೇರಿ? ಇಲ್ಲೇ ಜನ ದಾರಿ ತಪ್ಪುವುದು. 1936ರಲ್ಲಿ ಶಿವಮೊಗ್ಗ ಮೈಸೂರು ಧರ್ಮಕ್ಷೇತ್ರದಲ್ಲಿತ್ತು. ಆದರೆ ಮೈಸೂರಿನ ಬಿಷಪ್ ಕೂರುತ್ತಿದ್ದದ್ದು ಬೆಂಗಳೂರಿನಲ್ಲಿ. ಆಗಿನವರು ಬಿಷಪ್ ದೆಸ್ಪತೂರ್. 1940ರಲ್ಲಿ ಬೆಂಗಳೂರು, ಮೈಸೂರು ಎರಡಾದವು, ಶಿವಮೊಗ್ಗ ಮೈಸೂರಿನ ಪಾಲಿಗೆ ಬಂತು. 1963ರಲ್ಲಿ ಚಿಕ್ಕಮಗಳೂರಿಗೆ ಹೋಯಿತು. 1988ರಲ್ಲಿ ತನ್ನದೇ ಕಚೇರಿ ಪಡೆಯಿತು. ಅಜ್ಜಿಯ ಹುಟ್ಟು, ಮದುವೆ, ಅವರ ಮಕ್ಕಳ ಜ್ಞಾನಸ್ನಾನ, ಒಂದೊಂದೂ ಒಂದೊಂದು ಆಡಳಿತದ ಕೆಳಗೆ ಆಗಿರಬಹುದು. 1936ರ ಪ್ರತಿಗೆ ಮೊದಲು ಬೆಂಗಳೂರು, ಆಮೇಲೆ ಮೈಸೂರು ಕೇಳಿ.

ಪುಸ್ತಕ ತೆರೆದರೆ ಲ್ಯಾಟಿನ್ ಇರುತ್ತದೆ, ಹೆದರಬೇಡಿ. ಎರಡನೇ ವ್ಯಾಟಿಕನ್ ಮಹಾಸಭೆ ನಡೆದ 1962–65ರ ತನಕ ಪೂಜೆಯ ಹಾಗೇ ದಾಖಲೆಯೂ ಲ್ಯಾಟಿನ್. ನಾಲ್ಕೈದು ಪದ ಗೊತ್ತಿದ್ದರೆ ಸಾಕು. 'ನಾತಾ' ಅಂದರೆ ಹುಟ್ಟಿದ ದಿನ, 'ಬಾಪ್ತಿಜಾತಾ' ಅಂದರೆ ಜ್ಞಾನಸ್ನಾನದ ದಿನ, 'ಫಿಲಿಯಾ' ಮಗಳು, 'ಪಾತ್ರಿನುಸ್' ಮತ್ತು 'ಮಾತ್ರಿನಾ' ಜ್ಞಾನ ತಂದೆತಾಯಿ. ಹೆಸರುಗಳದ್ದೇ ಸ್ವಲ್ಪ ತಲೆನೋವು. ಮನೆಯಲ್ಲಿ ಚಿನ್ನಪ್ಪ ಅಂತ ಕರೆದವನು ಪುಸ್ತಕದಲ್ಲಿ ಪೌಲುಸ್ ಆಗಿರುತ್ತಾನೆ. ಚೌರಪ್ಪ ಇದ್ದವನು ಕ್ಸಾವೇರಿಯುಸ್. ಡಿಸೋಜ, ಫರ್ನಾಂಡಿಸ್ ಎಲ್ಲ ಒಂದೊಂದು ಪುಟದಲ್ಲಿ ಒಂದೊಂದು ಕಾಗುಣಿತ. ಬರೆದದ್ದು ಫ್ರೆಂಚ್ ಗುರು, ಹೇಳಿದ್ದು ಕೊಂಕಣಿ ಮಾತಾಡುವವರು. ಹಾಗಾಗಿ ಅಡ್ಡಹೆಸರು ಹಿಡಿದು ಹುಡುಕಬೇಡಿ. ಅಪ್ಪ ಅಮ್ಮ ಇಬ್ಬರ ಹೆಸರನ್ನೂ ಜೊತೆಗಿಟ್ಟು ಹುಡುಕಿ.

ಹುಟ್ಟಿದ ದಿನಕ್ಕೂ ಜ್ಞಾನಸ್ನಾನಕ್ಕೂ ಆಗ ಹೆಚ್ಚು ಅಂತರ ಇರುತ್ತಿರಲಿಲ್ಲ. ಮಗುವಿಗೆ ಆದಷ್ಟು ಬೇಗ ಕೊಡಬೇಕು ಅನ್ನುವುದು ನಿಯಮ. ಬಾಣಂತಿ ಮನೆಯಲ್ಲೇ ಇರುತ್ತಿದ್ದಳು, ಜ್ಞಾನ ತಂದೆತಾಯಿ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಗುರುಗಳು ದೂರವಿದ್ದು ಮಗು ಜ್ವರದಲ್ಲಿದ್ದರೆ ಮನೆಯವರೇ, ಇಲ್ಲ ಸೂಲಗಿತ್ತಿಯೇ ನೀರು ಹಾಕಿ ಜ್ಞಾನಸ್ನಾನ ಕೊಡುತ್ತಿದ್ದರು. ಮಗು ಬದುಕಿದರೆ ಉಳಿದ ವಿಧಿಯನ್ನು ಗುರುಗಳು ಆಮೇಲೆ ಚರ್ಚಿನಲ್ಲಿ ಮುಗಿಸುತ್ತಿದ್ದರು. ಅಂಥ ಕಡೆ ಎರಡು ತಾರೀಕು ಕಂಡರೆ ಗಾಬರಿಯಾಗಬೇಡಿ. ಮಲೆನಾಡಿನ ಆ ಕಾಲದಲ್ಲಿ ಇದೇನು ಅಪರೂಪವಲ್ಲ.

ಇಷ್ಟು ಬೇಗ ಕೊಡುತ್ತಿದ್ದರು ಅಂದಮೇಲೆ ಹೆರಿಗೆ ಎಲ್ಲಾಯಿತೋ ಅಲ್ಲಿಯ ಚರ್ಚಿನಲ್ಲೇ ಹೆಸರು. ಅಜ್ಜಿ ಮೊದಲ ಮಗುವೇ? ಹಾಗಿದ್ದರೆ ಅವರ ಅಮ್ಮ ಹೆರಿಗೆಗೆ ತವರಿಗೆ ಹೋಗಿದ್ದಿರಬಹುದು. ತವರು ಹೊನ್ನಾವರದ ಕಡೆಯಾದರೆ ಶಿವಮೊಗ್ಗದಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಜ್ಜಿ 'ಇಲ್ಲೇ' ಅಂದದ್ದನ್ನು ಅನುಮಾನಿಸುತ್ತಿಲ್ಲ. ಆದರೆ ತನ್ನ ಜ್ಞಾನಸ್ನಾನವನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ, ದೊಡ್ಡವರು ಹೇಳಿದ್ದನ್ನು ನಂಬಿರುತ್ತಾರೆ. ಹೊನ್ನಾವರವಾದರೆ ಕಚೇರಿಗಳ ಸಾಲೇ ಬೇರೆ. 1936ರಲ್ಲಿ ಅದು ಗೋವಾ ಮಹಾಧರ್ಮಕ್ಷೇತ್ರದಲ್ಲಿತ್ತು. 1953ರಲ್ಲಿ ಬೆಳಗಾವಿಗೆ, 1976ರಲ್ಲಿ ಕಾರವಾರಕ್ಕೆ ಸೇರಿತು. ಅಲ್ಲಿ ಮೊದಲು ಊರಿನ ಇಗರ್ಜಿಯಲ್ಲೇ ಕೇಳಿ. ಅಲ್ಲಿಯ ಗುರುಗಳೇ ಹಳೆ ಪುಸ್ತಕ ಎಲ್ಲಿದೆ ಅಂತ ಹೇಳುತ್ತಾರೆ.

ಧರ್ಮಕೇಂದ್ರದ ಒಟ್ಟು ಕಥೆ ಬರೆಯುವ ಆಸೆ ನಿಮಗಿದ್ದರೆ ಪ್ಯಾರಿಸ್ಸಿನ ಕಡೆ ಕೈ ಚಾಚಬೇಕು. ರ‍್ಯೂ ದ್ಯು ಬಾಕ್ ಬೀದಿಯಲ್ಲಿ ಆ ಮಿಷನ್ನಿನ ಮುಖ್ಯ ಮನೆ ಈಗಲೂ ಇದೆ. ಒಬ್ಬೊಬ್ಬ ಗುರುವೂ ಯಾವಾಗ ಹಡಗು ಹತ್ತಿದ, ಯಾವ ಊರಿನಲ್ಲಿ ಎಷ್ಟು ವರ್ಷ ಇದ್ದ, ಎಲ್ಲಿ ತೀರಿಕೊಂಡ ಅಂತ ಅವರು ಬರೆದಿಟ್ಟಿದ್ದಾರೆ. ಬಿಷಪರು ಕಳಿಸುತ್ತಿದ್ದ ವಾರ್ಷಿಕ ವರದಿಗಳೂ ಇವೆ. ಇವುಗಳನ್ನು ಅವರ ಸಂಶೋಧನಾ ಸಂಸ್ಥೆ ಇಂಟರ್ನೆಟ್ಟಿನಲ್ಲಿ ಹಾಕಿದೆ. ಫ್ರೆಂಚ್ ಬರದಿದ್ದರೂ ಮೊಬೈಲಿನ ಅನುವಾದದಲ್ಲಿ ತಿರುಳು ಸಿಗುತ್ತದೆ. ಶಿವಮೊಗ್ಗದ ಹೆಸರನ್ನು ಶ್, ಚ್, ಸ್ ಎಲ್ಲದರಿಂದಲೂ ಹುಡುಕಿ ನೋಡಿ, ಫ್ರೆಂಚರ ಕಿವಿಗೆ ಹೇಗೆ ಕೇಳಿತೋ ಹಾಗೆ ಬರೆದಿದ್ದಾರೆ. ಮದ್ರಾಸ್ ಕ್ಯಾಥೊಲಿಕ್ ಡೈರೆಕ್ಟರಿ ಅಂತ ವರ್ಷ ವರ್ಷ ಬರುತ್ತಿದ್ದ ಪುಸ್ತಕವೂ ಇದೆ. ಯಾವ ಊರಿನಲ್ಲಿ ಯಾವ ಗುರು, ಎಷ್ಟು ಕ್ಯಾಥೊಲಿಕರು ಅಂತ ಅದರಲ್ಲಿ ಸಿಗುತ್ತದೆ. ಅದರ ಹತ್ತು ಹದಿನೈದು ವರ್ಷದ ಸಂಚಿಕೆ ಸಾಲಾಗಿ ನೋಡಿದರೆ ಶಿವಮೊಗ್ಗ ಸಬ್‌ಸ್ಟೇಷನ್ ಆಗಿದ್ದದ್ದು ಯಾವಾಗ ಧರ್ಮಕೇಂದ್ರವಾಯಿತು ಅನ್ನುವುದು ಕಣ್ಣಿಗೆ ಬೀಳುತ್ತದೆ. ಬಿ.ಎಲ್. ರೈಸರ ಮೈಸೂರು ಗೆಜೆಟಿಯರಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಒಟ್ಟು ಲೆಕ್ಕ ಸಿಗಬಹುದು, ನಿಮ್ಮ ಚರ್ಚಿನ ಕಥೆ ಸಿಗುವುದಿಲ್ಲ.

ಹಳೆ ಗಂಟೆ ಉಳಿದಿದ್ದರೆ ಅದರ ಅಂಚಿನ ಬರಹ ಓದಿ. ಎರಕ ಹೊಯ್ದವರ ಹೆಸರು, ಇಸವಿ, ಎಷ್ಟೋ ಸಲ ದಾನಿಯ ಹೆಸರೂ ಇರುತ್ತದೆ. ಸಮಾಧಿ ಜಾಗದ ಹಳೆ ಕಲ್ಲುಗಳನ್ನೂ ನೋಡಿ. ಹೋಗುವಾಗ ಒಂದು ಬಾಟಲಿ ನೀರು, ಮೆತ್ತಗಿನ ಬ್ರಷ್ ಸಾಕು. ಆಸಿಡ್, ತಂತಿ ಬ್ರಷ್ ಬೇಡವೇ ಬೇಡ, ಉಳಿದಿರುವ ಅಕ್ಷರವೂ ಹೋಗುತ್ತದೆ. ಬೆಳಗ್ಗೆ ಬೇಗ ಅಥವಾ ಸಂಜೆ ಹೋದರೆ ಓರೆ ಬಿಸಿಲಿಗೆ ಸವೆದ ಅಕ್ಷರವೂ ಕಾಣುತ್ತದೆ.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ, ನಾನು ಹೇಳುವುದು ಅಜ್ಜಿಯ ಮದುವೆಯಿಂದ. ಜ್ಞಾನಸ್ನಾನದಿಂದ ಅಲ್ಲ. ಕಾರಣ ಇದೆ. ಕ್ಯಾಥೊಲಿಕ್ ಮದುವೆಗೆ ಮೊದಲು ಹುಡುಗ ಹುಡುಗಿ ಇಬ್ಬರ ಜ್ಞಾನಸ್ನಾನದ ಸರ್ಟಿಫಿಕೇಟನ್ನೂ ಗುರುಗಳು ಕೇಳುತ್ತಾರೆ. ಅದು ಬಂದ ಊರು ಮದುವೆಯ ಕಾಗದಗಳಲ್ಲಿ ಇರುತ್ತದೆ. ಜೊತೆಗೆ 1908ರ ಈಸ್ಟರಿನಿಂದ ಇನ್ನೊಂದು ನಿಯಮ ಬಂತು. ಮದುವೆ ಆದ ಮೇಲೆ ಆ ಸುದ್ದಿಯನ್ನು ಜ್ಞಾನಸ್ನಾನ ಆದ ಚರ್ಚಿಗೆ ತಿಳಿಸಬೇಕು, ಅಲ್ಲಿಯ ಗುರುಗಳು ಹಳೆ ಪುಟದ ಅಂಚಿನಲ್ಲಿ ಅದನ್ನು ಬರೆಯಬೇಕು. ಹಾಗಾಗಿ ಮದುವೆಯ ದಾಖಲೆ ಜ್ಞಾನಸ್ನಾನದ ಊರನ್ನು ತೋರಿಸುತ್ತದೆ, ಜ್ಞಾನಸ್ನಾನದ ದಾಖಲೆ ಮದುವೆಯ ಊರನ್ನು ತೋರಿಸುತ್ತದೆ. ಒಂದು ಸಿಕ್ಕರೆ ಇನ್ನೊಂದು ಸಿಕ್ಕ ಹಾಗೇ.

ಮದುವೆಯಾದ ಚರ್ಚಿಗೆ ವಾರದ ದಿನ, ಬೆಳಗಿನ ಪೂಜೆ ಮುಗಿದ ಮೇಲೆ ಹೋಗಿ. ಭಾನುವಾರ ಬೇಡ, ಫಾದರಿಗೆ ಪುರುಸೊತ್ತಿರುವುದಿಲ್ಲ. ಬಾಯಲ್ಲಿ ಹೇಳಿ ಬರಬೇಡಿ, ಒಂದು ಹಾಳೆಯಲ್ಲಿ ಬರೆದುಕೊಡಿ: ಅಜ್ಜ ಅಜ್ಜಿಯ ಪೂರ್ತಿ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಇಬ್ಬರ ಅಪ್ಪ ಅಮ್ಮನ ಹೆಸರು, ಮದುವೆಯ ವರ್ಷ. ವರ್ಷ ಖಚಿತವಿಲ್ಲದಿದ್ದರೆ ಮೊದಲ ಮಗು ಹುಟ್ಟಿದ ಇಸವಿ ಕೊಡಿ, ಅಲ್ಲಿಂದ ಹಿಂದಕ್ಕೆ ಹುಡುಕುತ್ತಾರೆ. ಪುಸ್ತಕವನ್ನು ನಿಮ್ಮ ಕೈಗೆ ಕೊಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅದೇ ಪುಟದಲ್ಲಿ ಬೇರೆ ಮನೆಗಳ ವಿಷಯವೂ ಇರುತ್ತದೆ. ಸರ್ಟಿಫಿಕೇಟ್ ಬರೆದುಕೊಡುವಾಗ ಅಂಚಿನ ಟಿಪ್ಪಣಿಯನ್ನೂ ಸೇರಿಸಿ ಕೊಡಿ ಅಂತ ಮಾತ್ರ ಮರೆಯದೆ ಕೇಳಿ. ಕೇಳದಿದ್ದರೆ ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡುತ್ತಾರೆ.